ಗೋಡೆಯಾಚೆಯ ಬಾವಿ, ಈಚೆಯ ಸೋಡಾ

ಗುಂಡ್ಲುಪೇಟೆಯ ಊಟಿ ರಸ್ತೆಯಿಂದ ಒಳಗೆ ತಿರುಗುವ ಬೀದಿಯಲ್ಲಿ ಹಾಲಿನವರ ಸೈಕಲ್ ಗಂಟೆ ಇನ್ನೂ ಕೇಳಿಲ್ಲ. ಮೂಡಣ ದಿಕ್ಕು ಈಗಷ್ಟೇ ಬೆಳ್ಳಗಾಗುತ್ತಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತದೆ. ಮರಿತಾಯಮ್ಮ ತಲೆಗೊಂದು ಹಳೇ ಟವೆಲ್ ಸುತ್ತಿಕೊಂಡು ಹಿತ್ತಿಲ ಬಾಗಿಲು ತೆಗೆಯುತ್ತಾರೆ. ಸೋಡಾ ತುಂಬುವ ಮಿಷನ್ನು ಅಲ್ಲೇ ಜಗಲಿಯ ಮೇಲಿದೆ. ಹೊಂಗೆ ಮರದ ಬುಡದಲ್ಲಿ ಒದ್ದೆ ಗೋಣಿಚೀಲ ಹೊದ್ದ ಮಣ್ಣಿನ ಗಡಿಗೆಗಳು ಸಾಲಾಗಿ ಕೂತಿವೆ. ಅವರು ಮಾತ್ರ ಯಾವುದನ್ನೂ ಮುಟ್ಟದೆ ನೇರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ಅದರ ಮೇಲೆ ಹತ್ತಿ ನಿಂತು, ಕತ್ತು ಉದ್ದ ಮಾಡಿ ಗೋಡೆಯಾಚೆ ಇಣುಕುತ್ತಾರೆ.

ಆಚೆ ಮನೆಯಲ್ಲಿ ದೀಪ ಹತ್ತಿಲ್ಲ.

“ನೋಡಿ ಸ್ವಾಮಿ, ಮಾರಾಣಿ ಇನ್ನೂ ಮಲಗವ್ಳೆ,” ಎನ್ನುತ್ತಾರೆ, ತಮ್ಮನ್ನು ನೋಡಲೆಂದು ಪೇಪರಿನಿಂದ ಬಂದವರ ಕಡೆ ತಿರುಗಿ. “ಒತ್ತು ನೆತ್ತಿಗೆ ಬಂದ ಮ್ಯಾಲೆ ತುಂಬುದ್ರೂ ಅವಳ ಸೋಡಾ ಮೂಗಿಗೆ ಒಡಿತದ. ನಾನು ಕೋಳಿಗಿಂತ ಮುಂಚೆ ಏಳ್ಬೇಕು. ಒಟ್ಟೆ ಉರಿಯಾಕಿಲ್ವಾ, ನೀವೇ ಯೋಳಿ.”

ಆ ‘ಮಾರಾಣಿ’ಯ ಹೆಸರು ಮಲ್ಲಾಜಮ್ಮ. ಮರಿತಾಯಮ್ಮನವರ ವಾರಗಿತ್ತಿ, ಗಂಡನ ತಮ್ಮ ಚೆಲುವಯ್ಯನವರ ಹೆಂಡತಿ. ಇಬ್ಬರದೂ ಒಂದೇ ಕಸುಬು, ಗೋಲಿ ಸೋಡಾ ತುಂಬುವುದು. ಇಬ್ಬರ ನಡುವೆ ಇರುವುದು ಆಳೆತ್ತರದ ಒಂದು ಇಟ್ಟಿಗೆ ಗೋಡೆ. ಊಟಿಗೆ, ಕೇರಳಕ್ಕೆ, ಈಚೆಗೆ ಹೊಸ ಜಿಲ್ಲೆಯಾದ ಮೇಲೆ ಇನ್ನೂ ಹೆಚ್ಚಾಗಿ ಚಾಮರಾಜನಗರಕ್ಕೆ ಹೋಗುವ ಬಸ್ಸುಗಳಿಂದ ಇಳಿದು, ಬಿಸಿಲಿಗೆ ಬಾಯಾರಿ ‘ಒಂದು ಸೋಡಾ ಒಡೀರಿ’ ಎನ್ನುವ ಜನರಿಗೆ ಈ ಇಬ್ಬರು ಹೆಂಗಸರೂ ಗೊತ್ತಿಲ್ಲ, ಈ ಗೋಡೆಯೂ ಗೊತ್ತಿಲ್ಲ.

ಮರಿತಾಯಮ್ಮ ಕಲ್ಲಿನಿಂದ ಇಳಿದು ಕೆಲಸಕ್ಕೆ ತೊಡಗುತ್ತಾರೆ. ಗಡಿಗೆಯೊಳಗೆ ಬೆರಳದ್ದಿ ನೋಡುತ್ತಾರೆ. ಬೆರಳು ಜುಮ್ಮೆನ್ನಬೇಕು, ಅಂಥ ಗಡಿಗೆಯ ನೀರೇ ಮೊದಲು. ಚೊಂಬಿನಿಂದ ಬಾಟಲಿಗೆ ನೀರು ಹುಯ್ಯುತ್ತಾರೆ, ಕುತ್ತಿಗೆಯವರೆಗೆ, ಮೇಲೊಂದಿಷ್ಟು ಜಾಗ ಬಿಟ್ಟು. ಬಾಟಲಿಯನ್ನು ಮಿಷನ್ನಿನೊಳಗೆ ಕೂರಿಸಿ, ತಗಡಿನ ಬಾಗಿಲು ಹಾಕಿ, ಸಿಲಿಂಡರಿನ ತಿರುಪನ್ನು ತುಸುವೇ ತಿರುಗಿಸಿದರೆ ಸುಯ್ ಎಂದು ಗ್ಯಾಸು ಇಳಿಯುತ್ತದೆ. ಆಮೇಲೆ ಬಲಗೈಯಿಂದ ಹಿಡಿ ತಿರುಗಿಸುತ್ತಾರೆ. ಬಾಟಲಿ ಒಳಗೇ ಪಲ್ಟಿ ಹೊಡೆಯುತ್ತ ಕುಲುಕುತ್ತದೆ, ಗ್ಯಾಸು ನೀರಿಗೆ ಬೆರೆಯುತ್ತದೆ, ಬಾಟಲಿ ತಲೆಕೆಳಗಾಗಿ ನಿಂತಾಗ ಗೋಲಿ ಉರುಳಿ ಬಂದು ಬಾಯಿಯ ರಬ್ಬರ್ ಬಳೆಗೆ ಕಚ್ಚಿಕೊಳ್ಳುತ್ತದೆ. ಹೊರತೆಗೆದ ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ ಕ್ರೇಟಿಗೆ ಇಳಿಸಿ, ಮೇಲೆ ಒದ್ದೆ ಗೋಣಿ ಎಳೆಯುತ್ತಾರೆ. ಎಡಗೈಗೆ ಹಳೇ ಜಮಖಾನದ ತುಂಡು ಸುತ್ತಿಕೊಂಡಿದ್ದಾರೆ. ಅದು ಸಡಿಲವಾದಾಗ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹರಿದಿರುವ ಬಿಳಿ ಗಾಯದ ಗೆರೆ ಕಾಣಿಸುತ್ತದೆ.

ದಿನಕ್ಕೆ ಏಳೆಂಟು ಕ್ರೇಟು, ಬೇಸಿಗೆಯಲ್ಲಿ ಇನ್ನೂ ನಾಲ್ಕು ಹೆಚ್ಚು. ಬಿಸಿಲೇರುವ ಮೊದಲೇ ಅಷ್ಟೂ ಮುಗಿಯಬೇಕು. ಗಂಡ ಬೆಟ್ಟಯ್ಯ ಅವನ್ನು ಸೈಕಲ್ ಗಾಡಿಗೇರಿಸಿ ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಮಿಷನ್ನು ಮಾತ್ರ ಮರಿತಾಯಮ್ಮನದು. ಅದನ್ನು ಬೇರೆಯವರು ಮುಟ್ಟಿದರೆ ಅವರಿಗೆ ಆಗುವುದಿಲ್ಲ.

ಸಂತೆಮರಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಮಾವ ಬದುಕಿದ್ದರು, ಮನೆ ಒಂದೇ ಇತ್ತು, ಗೋಡೆ ಇರಲಿಲ್ಲ. ಹಿಂದಿನ ಅಂಗಳದಲ್ಲಿ ಸೇದುವ ಬಾವಿ. ಮೊದಲು ಒಬ್ಬರೇ, ಆಮೇಲೆ ಮಲ್ಲಾಜಮ್ಮ ಬಂದ ಮೇಲೆ ಇಬ್ಬರೂ ಸೇರಿ ನೀರು ಸೇದಿ, ಇಬ್ಬರೂ ಸೇರಿ ತುಂಬುತ್ತಿದ್ದರು. ಬಾವಿ ಎಂದರೆ ಸಾಮಾನ್ಯದ್ದಲ್ಲ, ಹಗ್ಗ ಇಳಿಸುತ್ತ ಹೋದರೆ ತಳ ಸಿಕ್ಕುವಷ್ಟರಲ್ಲಿ ರಟ್ಟೆ ಬೀಳುತ್ತಿತ್ತು. ಸೋಡಾ ಚೆನ್ನಾಗಿ ಬರುತ್ತಿತ್ತು. ಯಾಕೆ ಚೆನ್ನಾಗಿ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಆಗಿನಿಂದಲೇ ವಾರಗಿತ್ತಿಯ ಮೇಲೆ ಒಂದಿಷ್ಟು ಕಣ್ಣು ಇತ್ತೆಂದು ಮರಿತಾಯಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅವಳ ಜಡೆ ಉದ್ದ. ಅವಳ ರೊಟ್ಟಿ ತೆಳು. ಮಾವ ಊಟಕ್ಕೆ ಕೂತರೆ ‘ಮಲ್ಲಾಜಿ ಬಡಿಸಲಿ’ ಎನ್ನುತ್ತಿದ್ದರು.

ಮಾವ ತೀರಿಕೊಂಡು, ತೊಂಬತ್ತರ ಈಚೆಗೆ ಮನೆ ಪಾಲಾಯಿತು. ಹಿರಿಯರು ಕೂತು, ರಸ್ತೆ ಕಡೆಯ ಅರ್ಧ ಒಂದು ಪಾಲು, ಬಾವಿ ಕಡೆಯ ಅರ್ಧ ಇನ್ನೊಂದು ಪಾಲು ಎಂದರು. ರಸ್ತೆ ಕಡೆಗೆ ಆಗಷ್ಟೇ ನಲ್ಲಿ ಬಂದಿತ್ತು. ಹಿರಿಯವನು ಮೊದಲು ಆರಿಸಿಕೊಳ್ಳಲಿ ಎಂದಾಗ ಬೆಟ್ಟಯ್ಯ ಹೆಂಡತಿಯ ಮುಖ ನೋಡಿದರು. ಮರಿತಾಯಮ್ಮ ಸೆರಗಿನ ಮರೆಯಲ್ಲೇ ಬೆರಳಾಡಿಸಿ ನಲ್ಲಿಯ ಕಡೆ ತೋರಿಸಿದರು.

“ನಾನೇ ಕಣ ಆರ್ಸಕೊಂಡದ್ದು. ಯಾರ್ ಮ್ಯಾಲೂ ತಪ್ಪು ಹಾಕಂಗಿಲ್ಲ. ಬಾವಿ ಸೇದಿ ಸೇದಿ ಸಾಕಾಗಿತ್ತು. ಇನ್ನು ನಾನು ನಲ್ಲಿ ತಿರುಗುಸ್ತೀನಿ, ಅವಳು ಹಗ್ಗ ಎಳೀಲಿ ಅಂದ್ಕಂಡೆ. ಆವತ್ತು ನಾನು ನಕ್ಕಿದ್ದು ನೆಪ್ಪದ.”

ನಲ್ಲಿಯ ಜೊತೆಗೆ ತಾರಸಿಯ ಮೇಲೊಂದು ಕರಿ ಪ್ಲಾಸ್ಟಿಕ್ ಟ್ಯಾಂಕೂ ಏರಿತು. ಬೀದಿಗೇ ಮೊದಲನೆಯದು. ಹಾದುಹೋಗುವವರು ತಲೆಯೆತ್ತಿ ನೋಡುತ್ತಿದ್ದರು. ಹಳೇ ಮಿಷನ್ನು ಹಿರಿಯ ಪಾಲಿಗೆ ಬಂತು. ಚೆಲುವಯ್ಯ ನಂಜನಗೂಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ಮಿಷನ್ನು ತಂದು ಬಾವಿಕಟ್ಟೆಯ ಪಕ್ಕ ಕೂರಿಸಿದರು. ನಡುವೆ ಗೋಡೆ ಎದ್ದಿತು.

ಬಣ್ಣದ ಸೋಡಾಕ್ಕೆ ಸಕ್ಕರೆ ಪಾಕ ಬೇಕು. ಟ್ಯಾಂಕಿನ ನೀರು ಹಿಡಿದು ಸಕ್ಕರೆ ಸುರಿದರೆ ಮರಿತಾಯಮ್ಮನ ಬಕೆಟ್ಟಿನಲ್ಲಿ ಅದು ಎರಡು ಸುತ್ತು ತಿರುವುವಷ್ಟರಲ್ಲಿ ಮಾಯ. ಗೋಡೆಯಾಚೆ ಮಲ್ಲಾಜಮ್ಮ ಬಾವಿನೀರಿಗೆ ಸಕ್ಕರೆ ಹಾಕಿಕೊಂಡು ಕಟ್ಟಿಗೆಯಿಂದ ಗರಗರ ಎಂದು ತಿರುವುತ್ತಲೇ ಇರುತ್ತಿದ್ದರು. ಆ ಸದ್ದು ಕೇಳಿ ಮರಿತಾಯಮ್ಮನಿಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ. ತಮ್ಮ ನೀರು ಒಳ್ಳೆಯ ನೀರು, ಅವಳದು ಮೊಂಡ ನೀರು ಎಂದು ಬೀದಿಗೆಲ್ಲ ಸಾರಿದರು. “ಸಕ್ಕರೆನೇ ಹಂಗೆ ಕುಡ್ಕತದ ನನ್ ನೀರು, ಗ್ಯಾಸ್ ಬುಟ್ಟದಾ?” ಎನ್ನುವುದು ಅವರ ಲೆಕ್ಕಾಚಾರ.

ಬಸ್ ಸ್ಟ್ಯಾಂಡಿನ ಎದುರು ದೊಡ್ಡಮಲ್ಲಪ್ಪನವರ ಅಂಗಡಿ. ಊರಿನಲ್ಲಿ ಹೆಚ್ಚು ಸೋಡಾ ಖರ್ಚಾಗುವುದು ಅಲ್ಲಿ. ಮಾವನ ಕಾಲದಿಂದಲೂ ಈ ಮನೆಯ ಸೋಡಾವನ್ನೇ ಇಡುತ್ತಿದ್ದವರು. ಪಾಲಾದ ಮೊದಲ ಬೇಸಿಗೆಯಲ್ಲೇ ಅವರು ಬೆಟ್ಟಯ್ಯನವರ ಗಾಡಿ ನಿಲ್ಲಿಸಿ, “ಏನಪ್ಪಾ ಇದು? ಗೋಲಿ ಒತ್ತುದ್ರೆ ಬುಸ್ ಅಂತ ಉಕ್ಕಿ ಸುರಿತದೆ, ಬಾಯಿಗಿಟ್ರೆ ಬರೀ ನೀರು. ಗಿರಾಕಿ ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ,” ಎಂದರು. ಮರುವಾರ ಅರ್ಧ ಕ್ರೇಟುಗಳು ವಾಪಸ್ಸು ಬಂದವು. ಅದರ ಮುಂದಿನ ವಾರ ಚೆಲುವಯ್ಯನವರ ಗಾಡಿ ಆ ಅಂಗಡಿಯ ಮುಂದೆ ನಿಂತಿತ್ತು. ಒಂದೊಂದೇ ಅಂಗಡಿ ಗೋಡೆಯಾಚೆಗೆ ಹೋಯಿತು. ಎಲ್ಲಿ ಹೋದರೂ ಒಂದೇ ಮಾತು: ಮಲ್ಲಾಜಮ್ಮನ ಕೈಗುಣ.

ಮರಿತಾಯಮ್ಮನನ್ನು ಸುಟ್ಟಿದ್ದು ಆ ‘ಕೈಗುಣ’. ಅಂಗಡಿ ಹೋದದ್ದಕ್ಕಿಂತ ಹೆಚ್ಚು ಸುಟ್ಟಿತು. “ಅವಳಿಗೆ ಮಿಷನ್ನು ತಿರುಗಸಾದು ಕಲಿಸಿದ್ದೇ ನಾನು. ಕೈಗುಣ ಅಂತೆ!” ಗಂಡನ ಕೈಲಿ ಗುಟ್ಟಾಗಿ ಅವಳ ಸೋಡಾ ಒಂದು ತರಿಸಿದರು. ಮೂಸಿದರು, ಅಂಗೈಗೆ ಸುರಿದುಕೊಂಡು ನೆಕ್ಕಿದರು, ಏನಾದರೂ ಬೇರು ಗೀರು ಹಾಕಿದ್ದಾಳೆಯೇ ಎಂದು ನೆಲಕ್ಕೆ ಚೆಲ್ಲಿ ನೋಡಿದರು. ಏನೂ ಸಿಗಲಿಲ್ಲ. ಅನ್ನ ಗಂಟಲಲ್ಲಿ ಇಳಿಯದಂಥ ಹೊಟ್ಟೆಕಿಚ್ಚು. ಒಗೆಯುವ ಕಲ್ಲಿನ ಮೇಲೆ ಹತ್ತಿ ಇಣುಕುವ ಚಾಳಿ ಶುರುವಾದದ್ದು ಆಗಲೇ. ಇಣುಕಿದರೆ ಕಾಣುತ್ತಿದ್ದುದು ಬಾವಿಯಿಂದ ನೀರು ಸೇದುವ, ತುಂಬುವ, ನಡುನಡುವೆ ಎಲೆಯಡಿಕೆ ಹಾಕಿಕೊಳ್ಳುವ ಮಲ್ಲಾಜಮ್ಮ, ಅಷ್ಟೇ.

ಕೊನೆಗೆ ಮರಿತಾಯಮ್ಮನೇ ಒಂದು ತೀರ್ಮಾನಕ್ಕೆ ಬಂದರು. ಅವಳು ಗ್ಯಾಸು ಜಾಸ್ತಿ ಬಿಡುತ್ತಾಳೆ. ಹಾಗಾದರೆ ತಾವೂ ಬಿಡುವುದು. ಒಂದು ಮಧ್ಯಾಹ್ನ ಸಿಲಿಂಡರಿನ ತಿರುಪನ್ನು ಎಂದಿಗಿಂತ ಹೆಚ್ಚು ತಿರುಗಿಸಿದರು. ಮಿಷನ್ನಿನ ಬಾಗಿಲಿನ ಕೊಂಡಿ ತುಕ್ಕು ಹಿಡಿದು ಸಡಿಲವಾಗಿದ್ದುದು ಗೊತ್ತಿತ್ತು, ಎಡಗೈಯಿಂದ ಒತ್ತಿ ಹಿಡಿದಿದ್ದರು. ಬಾಟಲಿ ಸಿಡಿಯಿತು.

ಸದ್ದಿಗೆ ಮೊದಲು ಬಂದವರು ಮಲ್ಲಾಜಮ್ಮ. ಬೀದಿ ಸುತ್ತಿಕೊಂಡು ಬರುವಷ್ಟು ತಾಳ್ಮೆಯಿಲ್ಲದೆ ಗೋಡೆ ಹತ್ತಿ ಧುಮುಕಿದ್ದರು. ಉಟ್ಟಿದ್ದ ಸೀರೆಯ ಸೆರಗನ್ನು ಪರ್ ಎಂದು ಹರಿದು ಕೈಗೆ ಬಿಗಿದು, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

“ರಕ್ತ ಸುರಿತದ, ಕಣ್ ಕತ್ತಲೆ ಬತ್ತದ, ಅಂತಾದ್ರಲ್ಲೂ ನಾನು ಏನ್ ನೋಡ್ದೆ ಅಂತೀರಿ? ಅದು ಒಸ ಸೀರೆ ಕಣ. ಒಸ ಸೀರೆ ಯಾವಾಗ ತಕ್ಕಂಡ್ಳು ಇವಳು, ಅಂತ ಒಟ್ಟೆ ಉರೀತು.” ಇದನ್ನು ಹೇಳಿ ಮರಿತಾಯಮ್ಮ ತಾವೇ ನಗುತ್ತಾರೆ. ನಗುತ್ತಲೇ ಗಾಯದ ಗೆರೆಯನ್ನು ಉಜ್ಜಿಕೊಳ್ಳುತ್ತಾರೆ.

ಕೈ ಮಾಗುವವರೆಗೆ ಹಗುರ ಕೆಲಸ ಮಾತ್ರ. ಸಂಜೆ ಗಂಡ ನಲ್ಲಿಯಿಂದ ನೀರು ಹಿಡಿದು ಹೊಂಗೆ ಮರದಡಿಯ ಹಳೇ ಗಡಿಗೆಗೆ ತುಂಬಿಡುತ್ತಿದ್ದರು, ಒದ್ದೆ ಬಟ್ಟೆ ಮುಚ್ಚುತ್ತಿದ್ದರು. ಕುಡಿಯಲು ತಣ್ಣಗಿರಲಿ ಎಂದು ಅಷ್ಟೆ. ಒಂದು ಬೆಳಗಿನ ಜಾವ ನೋವಿಗೆ ಬೇಗ ಎಚ್ಚರವಾಗಿ, ಸುಮ್ಮನೆ ಕೂರಲಾರದೆ ಮರಿತಾಯಮ್ಮ ಆ ಗಡಿಗೆಯ ನೀರಿನಿಂದಲೇ ಒಂದು ಕ್ರೇಟು ಸೋಡಾ ತುಂಬಿದರು. ಹಾಗೇ ಬಣ್ಣದ ಸೋಡಾಕ್ಕೂ ಎಂದು ಸಕ್ಕರೆ ಸುರಿದರು. ಸಕ್ಕರೆ ಕರಗಲೇ ಇಲ್ಲ. ತಿರುವಿದರೂ ತಳದಲ್ಲೇ ಕೂತಿತ್ತು. ತಮ್ಮ ನೀರೂ ಮೊಂಡಾಯಿತು, ಇನ್ನು ಕಸುಬು ಮುಗಿಯಿತು ಎಂದುಕೊಂಡರು. ಸಂಜೆ ಬೆಟ್ಟಯ್ಯ ಖಾಲಿ ಕ್ರೇಟು ತಂದು, “ಇವತ್ತಿನ ಸೋಡಾ ಕುಡ್ದು ಒಬ್ಬ ಕೆಮ್ಮಿ ಕೆಮ್ಮಿ ಕಣ್ಣೀರ್ ಹಾಕ್ಬುಟ್ಟ ಕಣಮ್ಮಿ. ಇಂತದೇ ಕೊಡು ಅಂದ,” ಎಂದರು.

ಮರಿತಾಯಮ್ಮ ಬಕೆಟ್ಟಿನ ತಳದ ಸಕ್ಕರೆಯನ್ನು ನೋಡಿದರು. ಗರಗರ ತಿರುವುತ್ತಿದ್ದ ಮಲ್ಲಾಜಮ್ಮನ ಕಟ್ಟಿಗೆ ನೆನಪಾಯಿತು. ಸ್ನಾನದ ಹಂಡೆಯ ನೀರು ಕಾಯುವಾಗ, ಕುದಿ ಬರುವುದಕ್ಕೂ ಎಷ್ಟೋ ಮೊದಲೇ ಒಳಮೈಗೆ ಸಣ್ಣ ಸಣ್ಣ ಗುಳ್ಳೆ ಕಟ್ಟುವುದನ್ನು ಜೀವಮಾನವಿಡೀ ನೋಡಿದ್ದರು. ಎಲ್ಲ ಒಟ್ಟಿಗೆ ತಲೆಗೆ ಬಂತು. ಸಕ್ಕರೆ ಬೆಚ್ಚಗಿನ ನೀರಿನಲ್ಲಿ ಬೇಗ ಕರಗುತ್ತದೆ, ಹೆಚ್ಚೂ ಕರಗುತ್ತದೆ. ಗ್ಯಾಸಿನದು ತದ್ವಿರುದ್ಧ. ನೀರು ತಣ್ಣಗಿದ್ದಷ್ಟೂ ಹೆಚ್ಚು ಇಳಿದು ನಿಲ್ಲುತ್ತದೆ, ಬೆಚ್ಚಗಾದಷ್ಟೂ ಬಿಟ್ಟುಹೋಗುತ್ತದೆ. ಬಿಸಿಲು ಕುಡಿದ ಕರಿ ಟ್ಯಾಂಕಿನ ನೀರನ್ನು ಸಕ್ಕರೆಯ ಸಾಕ್ಷಿ ನಂಬಿ ಒಳ್ಳೆಯ ನೀರೆಂದುಕೊಂಡಿದ್ದರು. ಒಳ್ಳೆಯ ನೀರನ್ನು ತಾವೇ ಬೆರಳಾಡಿಸಿ ವಾರಗಿತ್ತಿಗೆ ಬಿಟ್ಟುಕೊಟ್ಟಿದ್ದರು.

“ಬಾವಿ ಬುಟ್ಕೊಟ್ಟು ನಲ್ಲಿ ತಕ್ಕಂಡ್ನಲ್ಲ ಅಂತ ಕಲ್ಲಿಗೆ ತಲೆ ಚಚ್ಕಳಂಗಾಯ್ತು.”

ಚಚ್ಚಿಕೊಳ್ಳುತ್ತ ಕೂರಲಿಲ್ಲ. ಕುಂಬಾರರ ಬೀದಿಯಿಂದ ಗಡಿಗೆಗಳು ಬಂದವು. ಸಂಜೆ ತುಂಬಿ, ಗೋಣಿ ಹೊದಿಸಿ, ನೀರು ಚಿಮುಕಿಸಿ ಗಾಳಿಗೆ ಬಿಡುವುದು. ಮೂಡಣ ಬೆಳ್ಳಗಾಗುವ ಮೊದಲು ಎದ್ದು ತುಂಬುವುದು. ಪಾಕಕ್ಕೆ ಮಾತ್ರ ಬಿಸಿನೀರು, ಅದು ಆರಿದ ಮೇಲೆ ಬಾಟಲಿಗೆ. ಕೆಲವೇ ತಿಂಗಳಲ್ಲಿ ದೊಡ್ಡಮಲ್ಲಪ್ಪನವರ ಅಂಗಡಿಯಲ್ಲಿ ಅರ್ಧ ಜಾಗ ವಾಪಸ್ಸು ಸಿಕ್ಕಿತು. ಗುಟ್ಟನ್ನು ಗಂಡನಿಗೂ ಸರಿಯಾಗಿ ಹೇಳಲಿಲ್ಲ. ಆದರೂ ಹೊಟ್ಟೆಕಿಚ್ಚು ಆರಲಿಲ್ಲ, ಬರೀ ಜಾಗ ಬದಲಾಯಿಸಿತು. ಈಗ ಅದು ಮಲ್ಲಾಜಮ್ಮನ ನಿದ್ದೆಯ ಮೇಲೆ ಕೂತಿತ್ತು. ಬಾವಿನೀರು ಯಾವ ಹೊತ್ತಿಗೂ ತಣ್ಣಗೆ, ಅವಳು ಯಾವ ಹೊತ್ತಿಗೆ ಎದ್ದರೂ ನಡೆಯುತ್ತದೆ.

ಹಾಗಿರುವಾಗ ಎರಡು ವರ್ಷದ ಹಿಂದಿನ ಒಂದು ಫೆಬ್ರವರಿಯಲ್ಲಿ ಗೋಡೆಯಾಚೆಯ ತಾರಸಿಗೂ ಒಂದು ಕರಿ ಟ್ಯಾಂಕು ಏರಿತು. ಬಾವಿಗೆ ಮುಚ್ಚಳ ಬಿತ್ತು. ಮಲ್ಲಾಜಮ್ಮ ಆಚೆ ಕ್ರೇಟೊಂದರ ಮೇಲೆ ಹತ್ತಿ ನಿಂತು, ಗೋಡೆಯ ಮೇಲೆ ಗಲ್ಲವಿಟ್ಟು, “ಅಕ್ಕಾ, ನಮ್ಗೂ ನಲ್ಲಿ ಬಂತು. ಸಕ್ಕರೆ ಈಗ ನಿನ್ನಂಗೇ ಎರಡೇ ಸುತ್ತಿಗೆ ಕರಗೋಯ್ತದ!” ಎಂದರು.

ಮರಿತಾಯಮ್ಮ “ಒಳ್ಳೇದಾಯ್ತು ಬುಡು” ಎಂದು ಒಳಗೆ ಹೋದರು. ಒಳಗೆ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮುಂದೇನಾಗುತ್ತದೆ ಎನ್ನುವುದು ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಆಯಿತು ಕೂಡ. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಆಚೆಯ ಕ್ರೇಟುಗಳು ವಾಪಸ್ಸು ಬರತೊಡಗಿದವು. ‘ಮಲ್ಲಾಜಮ್ಮನ ಕೈಗುಣ ಹೋಯಿತು’ ಎಂದು ಅಂಗಡಿಯವರು ಮಾತಾಡಿಕೊಂಡರು. ಬಸ್ ಸ್ಟ್ಯಾಂಡು ಪೂರ್ತಿ ಮರಿತಾಯಮ್ಮನ ಕೈಗೆ ಬಂತು. ಆ ವಾರಗಳಲ್ಲಿ ಅನ್ನ ಎಷ್ಟು ರುಚಿಯಾಗಿತ್ತೆಂದು ಅವರು ಈಗಲೂ ನೆನೆಯುತ್ತಾರೆ. ಗೋಡೆಯಾಚೆ ಮಲ್ಲಾಜಮ್ಮ ಮುಖ ಇಳಿಬಿಟ್ಟುಕೊಂಡು ಓಡಾಡುವುದನ್ನು ಕಲ್ಲು ಹತ್ತಿ ನೋಡುತ್ತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವಳು ಬಾವಿಯ ಮುಚ್ಚಳ ತೆಗೆಯುತ್ತಾಳೆ, ಮತ್ತೆ ತಾವು ಹಿಂದೆ ಬೀಳಬೇಕಾಗುತ್ತದೆ. ಅದಕ್ಕೇ ಹೇಳಲಿಲ್ಲ.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಹಿತ್ತಿಲಲ್ಲಿ ಕೂತಿದ್ದರು. ಆಚೆಯಿಂದ ಗ್ಯಾಸಿನ ಸದ್ದು ಬಂತು, ಸುಯ್ ಎಂದು. ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಇನ್ನೂ ಎಳೆಯಿತು. ಆ ಉದ್ದ ಯಾವುದೆಂದು ಮರಿತಾಯಮ್ಮನ ಎಡಗೈಗೆ ಗೊತ್ತಿತ್ತು.

“ಆ ಗಳಿಗೇಲೂ ಬಸ್ ಸ್ಟ್ಯಾಂಡು ಕಣ್ಮುಂದೆ ಬಂತು ಸ್ವಾಮಿ, ಸುಳ್ಯಾಕೆ. ಯೋಳುದ್ರೆ ಎಲ್ಲಾ ಓಯ್ತದ ಅಂತ. ಅಷ್ಟ್ರಲ್ಲಿ ಅಕ್ಕಿ ಮೊರ ಎತ್ತಲಾಗೋ ಬಿದ್ದಿತ್ತು, ನಾನು ಕಲ್ಲಿನ್ ಮ್ಯಾಲಿದ್ದೆ.”

“ಅಮ್ಮೀ ಮಲ್ಲಾಜಿ! ಬುಡು ಅದ! ಬುಟ್ಟು ಈಚೆಗ್ ಬಾ!”

ಮಲ್ಲಾಜಮ್ಮ ಬೆಚ್ಚಿ ಹಿಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಬಾಟಲಿ ಸಿಡಿದು ತಗಡಿನ ಬಾಗಿಲು ಕಿತ್ತು ಬಾವಿಕಟ್ಟೆಗೆ ಬಡಿಯಿತು. ಗಾಜಿನ ಚೂರುಗಳು ಅವರು ನಿಂತಿದ್ದ ಜಾಗದಲ್ಲೇ ಹರಡಿಕೊಂಡವು. ಆಮೇಲೆ ಮರಿತಾಯಮ್ಮ ಗೋಡೆ ಮೇಲಿಂದಲೇ ಬೈದರು, ಬಾಯಿಗೆ ಬಂದದ್ದೆಲ್ಲ ಬೈದರು. ಬೈಗುಳದ ನಡುವೆಯೇ ಗುಟ್ಟೂ ಹೊರಬಿತ್ತು.

“ಬಾವಿ ಮುಚ್ಚಳ ತಗಿಯಮ್ಮಿ, ಮುಂಡೇದೆ! ಕೈಗುಣವಂತೆ ಕೈಗುಣ, ಅದು ಬಾವಿ ಗುಣ. ನೀರು ತಣ್ಗಿದ್ರೆ ಗ್ಯಾಸ್ ಇಡ್ಕತದ, ಬೆಚ್ಗಿದ್ರೆ ಬುಟ್ಬುಡ್ತದ. ನೀನು ಎಷ್ಟ್ ಬುಟ್ರೂ ಅಷ್ಟೇಯ.”

“ಮತ್ತ ಸಕ್ಕರೆ ಅಷ್ಟ್ ಬಿರ್ನೆ ಕರಗ್ತಲ್ಲಕ್ಕಾ?”

“ಸಕ್ಕರೆ ದಾರಿ ಬ್ಯಾರೆ, ಗ್ಯಾಸಿನ್ ದಾರಿ ಬ್ಯಾರೆ. ನಾನೂ ಅದ್ನೇ ನಂಬಿ ಕೈ ಸೀಳ್ಕಂಡದ್ದು.”

ಮಲ್ಲಾಜಮ್ಮ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಅತ್ತರು. ಅಳುತ್ತಲೇ ಹೇಳಿದರು: “ನೀನು ನಲ್ಲಿ ತಿರುಗಸಾದ ನೋಡಿ ನೋಡಿ ನಂಗೆ ಒಟ್ಟೆ ಉರಿತಿತ್ತು ಕಣಕ್ಕ. ನಾನು ರಟ್ಟೆ ಬೀಳಂಗೆ ಸೇದ್ಬೇಕು, ನೀನು ನಿಂತ್ಕಂಡು ನೀರ್ ಇಡಿತಿದ್ದೆ. ಅದ್ಕೇ ಸಾಲ ಸೋಲ ಮಾಡಿ ನಾನೂ ಹಾಕುಸ್ದೆ.”

ಇಷ್ಟು ವರ್ಷ ಆಚೆಯಿಂದಲೂ ಒಬ್ಬರು ಇತ್ತ ಇಣುಕುತ್ತಿದ್ದರು ಎನ್ನುವುದು ಮರಿತಾಯಮ್ಮನಿಗೆ ಗೊತ್ತಾದದ್ದು ಅವತ್ತೇ. ಕೇಳಿ ಪಾಪ ಅನ್ನಿಸಿತೇ ಎಂದು ಕೇಳಿದರೆ ಅವರು ಕಣ್ಣರಳಿಸುತ್ತಾರೆ. “ಪಾಪ ಯಾಕ್ ಅನ್ಸದು? ಕುಸಿ ಆಯ್ತು. ನನ್ ಮ್ಯಾಲೂ ಒಬ್ರು ಒಟ್ಟೆಕಿಚ್ಚು ಪಡಂಗಿದ್ನಲ್ಲ ಅಂತ. ಆವತ್ತು ಚೆನ್ನಾಗಿ ನಿದ್ದೆ ಬಂತು.”

ಬಾವಿಯ ಮುಚ್ಚಳ ತೆಗೆದದ್ದಾಯಿತು. ಮಲ್ಲಾಜಮ್ಮನ ಸೋಡಾ ಮತ್ತೆ ಮೂಗಿಗೆ ಹೊಡೆಯಿತು. ದೊಡ್ಡಮಲ್ಲಪ್ಪ ಈಗ ಇಬ್ಬರ ಕ್ರೇಟುಗಳನ್ನೂ ಅಕ್ಕಪಕ್ಕ ಇಡುತ್ತಾರೆ. ಬಾವಿನೀರು ಸೇದಿಕೋ ಅಕ್ಕಾ, ಗೋಡೆಗೊಂದು ಬಾಗಿಲು ಇಡಿಸೋಣ ಎಂದು ಮಲ್ಲಾಜಮ್ಮ ಕರೆದದ್ದುಂಟು. ಮರಿತಾಯಮ್ಮ ಒಪ್ಪಿಲ್ಲ. ನನ್ನ ಗಡಿಗೆ ನನಗಿದೆ ಎನ್ನುತ್ತಾರೆ. ಅವಳ ಬಾವಿಗೆ ಕೈಯೊಡ್ಡುವುದಕ್ಕಿಂತ ಕೋಳಿಗಿಂತ ಮುಂಚೆ ಏಳುವುದೇ ವಾಸಿ ಎನ್ನುವುದು ಅವರ ಹಟ. ಆ ಹಟಕ್ಕೇ ಪ್ರತಿ ಜಾವವೂ ಕಲ್ಲು ಹತ್ತಿ, ಆಚೆ ದೀಪ ಹತ್ತಿದೆಯೇ ಎಂದು ನೋಡಿ, ಹತ್ತಿಲ್ಲದಿದ್ದರೆ ಉರಿದುಕೊಂಡು ಕೆಲಸಕ್ಕಿಳಿಯುತ್ತಾರೆ.

ಬಿಸಿಲು ಹೊಂಗೆಯ ತುದಿ ಮುಟ್ಟಿದೆ. ಕೊನೆಯ ಕ್ರೇಟಿಗೆ ಗೋಣಿ ಎಳೆದು ಮರಿತಾಯಮ್ಮ ಸೊಂಟ ನೆಟ್ಟಗೆ ಮಾಡುತ್ತಾರೆ. ಒಂದು ಬಾಟಲಿಯ ಗೋಲಿಯನ್ನು ಹೆಬ್ಬೆರಳಿಂದ ಒತ್ತಿ ಪೇಪರಿನವರ ಕೈಗೆ ಕೊಡುತ್ತಾರೆ. ಅವರು ಕುಡಿದು ಕೆಮ್ಮುವುದನ್ನು ಕಣ್ತುಂಬ ನೋಡುತ್ತಾರೆ. ಏನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಯೋಚಿಸುವುದೇ ಇಲ್ಲ.

“ಪೇಪರ್ನಾಗ ನನ್ ಪೋಟ ಒಂದೇ ಹಾಕಿ. ಅವಳ್ದು ಹಾಕ್ಬೇಡಿ.”

ಆಚೆ ಮನೆಯಲ್ಲಿ ಈಗ ಬಾಗಿಲು ತೆಗೆದ ಸದ್ದು. ರಾಟೆ ಕಿರುಗುಟ್ಟಿ, ಹಗ್ಗ ಬಾವಿಗಿಳಿಯುತ್ತದೆ. ಮರಿತಾಯಮ್ಮ ಒಂದಷ್ಟು ಹೊತ್ತು ಅದನ್ನೇ ಕೇಳುತ್ತ ನಿಲ್ಲುತ್ತಾರೆ. ಆಮೇಲೆ ದನಿ ತಗ್ಗಿಸಿ, ಗೋಡೆಯಾಚೆ ಕೇಳಿಸದಂತೆ ಹೇಳುತ್ತಾರೆ:

“ಓಗೋವಾಗ ಅವಳ ಸೋಡಾನೂ ಕುಡ್ಕಂಡೋಗಿ. ಮೂಗಿಗೆ ಒಡುದ್ರೆ ನನ್ನ ನೆನುಸ್ಕಳಿ.”